ಕಪಾಟು ಸೇರಿದ ಹೊಸ ಬ್ಯಾಟರಿ

ಹೊಸ ಬ್ಯಾಟರಿ ಹಾಳಾದೀತೆಂದು ಹಳೆಯದರಲ್ಲೇ ದಿನ ದೂಡುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರ ಜೊತೆಗೇ ಸಂಸಾರ ಮಾಡುತ್ತಿದ್ದೇನೆ.

ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಮುದಿಯಾಗಿ ಬಹಳ ಕಾಲವಾಗಿತ್ತು. ವೈರು ಕಿತ್ತರೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ನಡೆಯುತ್ತಿರಲಿಲ್ಲ. ನನ್ನ ಕಾಟ ತಾಳಲಾರದೆ ಯಜಮಾನರು ಹುಬ್ಬಳ್ಳಿಯಿಂದ ಹೊಸದನ್ನು ತರಿಸಿದರು. ತರಿಸಿ ಏನು ಮಾಡಿದರು? ಕಪಾಟಿನಲ್ಲಿಟ್ಟು ಕೀಲಿ ಹಾಕಿದರು!

"ಹಳೇದು ಇನ್ನೂ ನಡೀತು ಮಾರಾಯ್ತಿ. ಹೊಸದನ್ನ ಸುಮ್ನೆ ಎಂತಕ್ಕೆ ಹಾಳ್ ಮಾಡವು? ಅರ್ಜೆಂಟಿಗೆ ಬೇಕಾಗ್ತು."

ಇದು ಇವರೊಬ್ಬರ ರೋಗ ಅಂದುಕೊಳ್ಳಬೇಡಿ. ಶಿರಸಿಯಿಂದ ಸಿದ್ದಾಪುರದವರೆಗೆ ಯಾವ ಮನೆಗಾದರೂ ಹೋಗಿ. ಸೋಫಾದ ಮೇಲೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೇ ಇರುತ್ತದೆ. ಹೊಸ ಚಾದರ ನೆಂಟರಿಗೆ, ಹರಿದದ್ದು ಮನೆಯವರಿಗೆ. (ನೆಂಟರು ಬಂದರೂ ಹೊಸದು ಹೊರಬರುವುದಿಲ್ಲ. ಇನ್ನೂ ದೊಡ್ಡ ನೆಂಟರು ಬರಬೇಕಂತೆ!)

ಇರಲಿ. ಬ್ಯಾಟರಿ ಕಪಾಟು ಸೇರಿ ಎರಡು ವರ್ಷವಾದ ಮೇಲೆ, ಈಚೆಗೆ, ವಜ್ರಳ್ಳಿಗೆ ಹೋಗುವುದಿತ್ತು. ಅಲ್ಲಿ ಇವರ ಸೋದರತ್ತೆ ಪಾರ್ವತತ್ತೆ ಇದ್ದಾರೆ. ಒಂದು ಕಾಲಕ್ಕೆ ಅವರ ಹಾಡಿಲ್ಲದೆ ಬಳಗದಲ್ಲಿ ಮದುವೆಯೇ ನಡೆಯುತ್ತಿರಲಿಲ್ಲ. ಗಂಟಲಿನ ಆಪರೇಶನ್ ಆದಮೇಲೆ ಉಳಿದಿರುವುದು ಪಿಸುಮಾತು ಮಾತ್ರ. ಯಾವುದೋ ಮದುವೆಯಲ್ಲಿ ಅವರ ಹಾಡನ್ನು ಯಾರೋ ಕ್ಯಾಸೆಟ್ಟಿಗೆ ತುಂಬಿಸಿದ್ದರು. ಅದು ಬೂಷ್ಟು ಹಿಡಿದು ಹಾಳಾಗುವ ಮೊದಲು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೆ. "ಒಂದ್ಸಲ ಕೇಳ್ಸೇ ಕೂಸೆ" ಎಂದು ಅತ್ತೆ ಹೇಳಿಕಳಿಸಿದ್ದರು. ತಮ್ಮ ಸ್ವರವನ್ನು ಅವರು ಒಮ್ಮೆಯೂ ಹೊರಗಿನಿಂದ ಕೇಳಿದವರಲ್ಲ.

ಹೊರಡುವ ಹೊತ್ತಿಗೆ ಫೋನು ಬಂತು. ವಜ್ರಳ್ಳಿಯಲ್ಲಿ ಕರೆಂಟಿಲ್ಲ. ಯಜಮಾನರ ಮುಖ ಅರಳಿತು. ಅರ್ಜೆಂಟು ಬಂದೇಬಿಟ್ಟಿತಲ್ಲ!

"ಸ್ವಲ್ಪ ಚಾರ್ಜ್ ಆದ್ರೂ ಮಾಡಿ" ಎಂದೆ.

"ಹೊಸದಕ್ಕೆ ಎಂತ ಚಾರ್ಜು? ತುಂಬ್ಕಂಡೇ ಬಂದಿರ್ತು" ಎಂದರು. ಯಲ್ಲಾಪುರದ ಬಸ್ಸು ತಪ್ಪುತ್ತಿತ್ತು. ಹಳೆಯದನ್ನೂ ಚೀಲಕ್ಕೆ ತುರುಕಿಕೊಂಡು ಹೊರಟೆ.

ಅತ್ತೆಯ ಮುಂದೆ ಕೂತು ಸೀಲು ಬಿಚ್ಚಿದರು. ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ. ಅತ್ತೆ ಸೆರಗು ಸರಿಮಾಡಿಕೊಂಡು ಹತ್ತಿರ ಸರಿದರು. ಇವರು ಗುಂಡಿ ಒತ್ತಿದರು. ಒಂದು ಸಣ್ಣ ದೀಪವೂ ಹತ್ತಲಿಲ್ಲ. ಹಳೆಯದನ್ನು ಹಾಕಿದೆ. ಪರದೆ ಬೆಳಗಿತು, ಹಾಡು ಶುರುವಾಗುವ ಮೊದಲೇ ಆರಿತು. (ಸುಮ್ಮನೆ ಇಟ್ಟರೂ ಬ್ಯಾಟರಿ ಬರಿದಾಗುತ್ತದೆ, ತೀರ ಬರಿದಾದರೆ ಮತ್ತೆ ಏಳುವುದಿಲ್ಲ ಎಂದು ಅಂಗಡಿಯವ ಆಮೇಲೆ ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ.)

"ಹೋಗ್ಲಿ ಬಿಡು" ಎಂದು ಅತ್ತೆ ಪಿಸುಗುಟ್ಟಿದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಇನ್ನೊಂದು ಬ್ಯಾಟರಿ ಬಂತು. ಈ ಸಲ ಅಂಗಡಿಯಲ್ಲೇ ಡಬ್ಬಿ ಹರಿದು ಹಾಕಿದೆ. ("ಡಬ್ಬಿನಾದ್ರೂ ಇಟ್ಕಂಬಲಾಗಿತ್ತು" ಎಂದರು ಇವರು.) ರಾತ್ರಿಯೇ ಚಾರ್ಜ್ ಮಾಡಿ ಮತ್ತೆ ವಜ್ರಳ್ಳಿಗೆ ಹೋದೆವು.

ಹಾಡು ಮುಗಿಯುವವರೆಗೆ ಅತ್ತೆ ಅಲುಗಲಿಲ್ಲ. ಆಮೇಲೆ ನಮ್ಮಿಬ್ಬರ ಮುಖ ನೋಡಿ ಪಿಸುಗುಟ್ಟಿದರು.

"ಎನ್ನ ಸ್ವರ ಇಷ್ಟ್ ಚೊಲೋ ಇದ್ದಿತ್ತಾ? ಒಬ್ರೂ ಹೇಳಿದ್ವಿಲ್ಲೆ."

ಸುಳ್ಳಲ್ಲ. ಅಷ್ಟು ಮದುವೆಗಳಲ್ಲಿ ಕೂತು ಕೇಳಿದ ಬಳಗ ಕೋಸಂಬರಿಗೆ ಉಪ್ಪು ಜಾಸ್ತಿಯಾದದ್ದನ್ನು ಮಾತ್ರ ಮರೆಯದೆ ಹೇಳಿತ್ತು. ಆ ಒಂದು ಒಳ್ಳೆಯ ಮಾತನ್ನೂ ಎಲ್ಲರೂ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರಲ್ಲ, ಯಾವ ಅರ್ಜೆಂಟಿಗೆ?