ಅಮ್ಮನ ಚಪ್ಪಲಿಯ ಪಕ್ಕದ ಒದ್ದೆ ಗುರುತು

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗಿ ಕಾಫಿಗೆ ನೀರಿಡುವವನು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಅಮ್ಮನ ಅಪ್ಪ ಎರಡನೇ ಮಹಾಯುದ್ಧದಲ್ಲಿ ಸೇತುವೆ ಕಟ್ಟುವ ಪಡೆಯಲ್ಲಿದ್ದರು. ಇಟಲಿಯಲ್ಲಿ, ಒಂದು ಊರು ಶತ್ರುಗಳ ಕೈಯಿಂದ ಬಿಡುಗಡೆಯಾಗುವ ಹಿಂದಿನ ದಿನ, ಹೊಳೆಯ ಹತ್ತಿರ ಕಾಣೆಯಾದರು. ಮನೆಗೆ ಬಂದ ಕಾಗದದಲ್ಲೂ 'ಕಾಣೆ' ಎಂದಷ್ಟೇ ಇತ್ತು. ಅಮ್ಮನಿಗೆ ಆಗ ಒಂದು ವರ್ಷ. ನನ್ನ ತಂದೆ ತೀರಿಕೊಂಡ ಮೇಲೆ ಅಮ್ಮ ಅಮೆರಿಕದ ಟ್ರಾಯ್‌ಗೆ, ನಮ್ಮ ಮನೆಗೆ ಬಂದಳು. ಪ್ರತಿ ಪಿತೃಪಕ್ಷದಲ್ಲೂ ನಾನು ತರ್ಪಣ ಬಿಡುವಾಗ ತಾತನ ಹೆಸರು ಬರುವಷ್ಟರಲ್ಲಿ ತಡೆಯುತ್ತಿದ್ದಳು. "ಬದುಕಿರೋರಿಗೆ ಎಳ್ಳುನೀರು ಬಿಡಬಾರದು ಕಣೋ." ನೂರು ದಾಟಿದವರು ಇನ್ನೆಲ್ಲಿ ಬದುಕಿದ್ದಾರು ಎಂದು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಆರು ವರ್ಷದ ಹಿಂದೆ, ಆಗಸ್ಟಿನಲ್ಲಿ, ಗ್ಲೆಂಡೇಲ್ ಹೈಟ್ಸ್‌ನ ತಂಗಿಯ ಮನೆಗೆ ಹೋಗಿದ್ದೆವು. ಹತ್ತು ಮೈಲಿ ದೂರದ ಯುದ್ಧದ ಮ್ಯೂಸಿಯಂನಲ್ಲಿ ತಾತ ಕಾಣೆಯಾದ ಇಟಲಿಯ ಆ ಊರಿನದೇ ಪ್ರದರ್ಶನ ನಡೆಯುತ್ತಿದೆ ಎಂದು ತಂಗಿ ಹೇಳಿದಳು. ಚಿತ್ರಾನ್ನ ಕಟ್ಟಿಕೊಂಡು ಅಮ್ಮನನ್ನು ಕರೆದೊಯ್ದೆ.

ಬಿಡುಗಡೆಯ ದಿನದ ಫೋಟೊಗಳು; ಹೂ ಹಿಡಿದ ಹೆಂಗಸರು, ಟ್ಯಾಂಕಿನ ಮೇಲೆ ಹತ್ತಿದ ಮಕ್ಕಳು. ಸೈನಿಕರ ಒಂದೊಂದು ಮುಖವನ್ನೂ ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಕೊನೆಯಲ್ಲಿ ಆ ಊರಿನ ಒಂದು ಅಡುಗೆಮನೆಯನ್ನು ಇದ್ದಹಾಗೇ ಮತ್ತೆ ಕಟ್ಟಿದ್ದರು. ಅಮ್ಮ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟಳು.

"ಅಮ್ಮಾ, ಇದು ಮ್ಯೂಸಿಯಂ. ಹಾಕ್ಕೋ."

"ಯಾರದೋ ಅಡುಗೆಮನೆ ಅಲ್ವೇನೋ? ಸುಮ್ನಿರು."

ನಾಚಿಕೆಯಾಗಿ ಸುತ್ತ ನೋಡಿದೆ. ನಾವಿಬ್ಬರೇ. ಐದು ನಿಮಿಷ ಒಳಗಿದ್ದೆವೋ ಏನೋ. ಹೊರಬಂದಾಗ ಅಲ್ಲಿ ಕೆಲಸ ಮಾಡುವ ಮುದುಕರೊಬ್ಬರು ಮಾಪ್ ಹಿಡಿದು ನಿಂತಿದ್ದರು. ನಿಮ್ಮ ಜೊತೆ ಬಂದ ಮೂರನೆಯವರು ಬೂಟು ಒರೆಸಿಕೊಂಡು ಬರಬಾರದಿತ್ತೇ ಎಂದು ಇಂಗ್ಲಿಷಿನಲ್ಲಿ ನಗುತ್ತಲೇ ಕೇಳಿದರು. ಅಮ್ಮನ ಚಪ್ಪಲಿಯ ಪಕ್ಕದಲ್ಲಿ, ಯಾರೋ ಜೋಡಿ ಬೂಟು ಬಿಚ್ಚಿಟ್ಟು ತೆಗೆದಂತೆ, ಎರಡು ಒದ್ದೆ ಗುರುತು. ಅಲ್ಲಿಗೆ ಬಂದ ಹೆಜ್ಜೆಯಿಲ್ಲ, ಹೋದ ಹೆಜ್ಜೆಯೂ ಇಲ್ಲ. ಹೊರಗೆ ಸುಡುಬಿಸಿಲು. ಮೇಲೆ ನೋಡಿದೆ, ಎಲ್ಲೂ ಸೋರಿರಲಿಲ್ಲ.

"ಏನಂತಾರೆ?" ಎಂದಳು ಅಮ್ಮ.

ಏನೋ ಒಂದು ಹೇಳಿ ಮುಗಿಸಬಹುದಿತ್ತು. ಇದ್ದದ್ದನ್ನೇ ಹೇಳಿಬಿಟ್ಟೆ. ಅವಳು ಮಂಡಿ ಹಿಡಿದುಕೊಂಡು ಬಗ್ಗಿ, ಆ ತೇವ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. ಚಿತ್ರಾನ್ನದ ಡಬ್ಬಿ ತೆರೆಯದೆಯೇ ವಾಪಸ್ಸು ಬಂತು.

ಹೇಗೆಂದು ಇವತ್ತಿಗೂ ಯೋಚಿಸುತ್ತೇನೆ. ಯಾವ ಕಾರಣವೂ ಹೊಂದುವುದಿಲ್ಲ. ಮುಂದಿನ ತಿಂಗಳ ಪಿತೃಪಕ್ಷದಲ್ಲಿ ಅಮ್ಮ ತಾನಾಗಿಯೇ ತಾತನ ಹೆಸರು ಹೇಳಿಕೊಟ್ಟಳು. ನಾನು ಎಳ್ಳುನೀರು ಬಿಡುವಾಗ ಕೈ ಹಿಡಿದಳು.

"ಸ್ವಲ್ಪವೇ ಬಿಡೋ. ಅಪ್ಪ ಆಗ್ಲೇ ನೆಂದಿದಾರೆ."