ಗೋಡೆಗೆ ಮೊದಲು ಬಂದ ಕಲ್ಲು

‘ಎಡಕ್ಕೆ ತಿರುಗಿಸಿ’ ಎಂದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮಿಕ್ಕವರ ವಿಚಾರ ಆಮೇಲೆ.

ಪಾಂಡವಪುರದ ಒಂದು ಖಾಸಗಿ ಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಆ ದಿನ ಕೆ.ಆರ್. ಪೇಟೆಯ ಪ್ರೆಸ್ಸಿನಿಂದ ಪ್ರಶ್ನೆಪತ್ರಿಕೆಯ ಕಟ್ಟು ತರಬೇಕಿತ್ತು. ಮಕ್ಕಳನ್ನು ಇಳಿಸಿ ಖಾಲಿಯಾಗಿದ್ದ ಶಾಲೆಯ ವ್ಯಾನಿನಲ್ಲೇ ಹೊರಟೆವು, ನಾನು ಮತ್ತು ಡ್ರೈವರು. ಅವರು ಶ್ರೀರಂಗಪಟ್ಟಣದ ಕಡೆಯವರು, ಮುಸ್ಲಿಮರು. ಕುಡಿಯುವುದು ಹಾಗಿರಲಿ, ಬೀಡಿ ಸೇದಿದ್ದನ್ನೂ ಯಾರೂ ನೋಡಿಲ್ಲ. ಮಕ್ಕಳೆಲ್ಲ ಅವರನ್ನು ಮಾಮು ಅನ್ನುತ್ತಾರೆ. ನನಗೂ ಅದೇ ಬಾಯಿಗೆ ಬಂದುಬಿಟ್ಟಿದೆ.

ಬೂಕನಕೆರೆ ದಾಟುವಷ್ಟರಲ್ಲಿ ಮುಂದೆ ಕಬ್ಬಿನ ಟ್ರಾಕ್ಟರುಗಳ ಸಾಲು, ಮಾಕವಳ್ಳಿ ಕಾರ್ಖಾನೆಗೆ ಹೊರಟದ್ದು. ಅಲುಗಾಡುವ ಹಾಗಿರಲಿಲ್ಲ. ಫೋನು ತೆಗೆದು ದಾರಿ ನೋಡಿದೆ. ನಾಲೆಯ ಏರಿಯ ಮೇಲೆ ನೀಲಿ ಗೆರೆ ಇತ್ತು, ಹನ್ನೊಂದು ನಿಮಿಷ ಉಳಿಯುತ್ತದೆ ಅಂತಿತ್ತು.

“ಏರಿ ಬೇಡ ಮೇಡಂ,” ಎಂದರು ಮಾಮು. “ಟ್ರಾಕ್ಟರ್ ಹಿಂದೇನೇ ಹೋಗೋಣ. ಒಂದು ಜಲ್ಲೆ ಕಿತ್ಕಂಡ್ರೆ ಟೈಂಪಾಸೂ ಆಯ್ತದೆ.”

“ಫೋನಲ್ಲಿ ತೋರಿಸ್ತಾ ಇದೆ ಮಾಮು. ಎಡಕ್ಕೆ ತಿರುಗಿಸಿ.”

“ಫೋನಿಗೆ ಲೈಸೆನ್ಸ್ ಐತಾ?” ಎಂದು ನಕ್ಕರು. ತಿರುಗಿಸಿದರು.

ಸ್ವಲ್ಪ ದೂರಕ್ಕೆ ಡಾಂಬರು ಮುಗಿಯಿತು. ಎಡಕ್ಕೆ ಗದ್ದೆಯ ಇಳಿಜಾರು, ಬಲಕ್ಕೆ ತುಂಬಿ ಹರಿಯುವ ನಾಲೆ. ಮೇಲೆ ಹಸಿರು ಹುಲ್ಲು, ಒಳಗೆ ನೀರು ಕೊರೆದು ಮಣ್ಣೇ ಇರಲಿಲ್ಲ. ಬಲಗಡೆಯ ಹಿಂದಿನ ಚಕ್ರ ಕುಸಿಯಿತು. ವ್ಯಾನು ಮೆಲ್ಲಗೆ, ಮಲಗಲು ಹೊರಟ ದನದ ಹಾಗೆ, ನೀರಿನ ಕಡೆ ವಾಲಿತು. ಮಾಮುವಿನ ಭುಜದ ಆಚೆ, ಅವರ ಕಿಟಕಿಯ ತುಂಬ ನೀರು ಕಂಡಿತು. ಆಗ ಧಡ್ ಎಂದು ಏನಕ್ಕೋ ತಗುಲಿ ನಿಂತಿತು.

“ಅಲ್ಲಾಡ್ಬೇಡಿ ಮೇಡಂ. ಉಸುರೂ ಮೆಲ್ಲಗೆ ಬುಡಿ,” ಎಂದರು.

ನನ್ನ ಬಾಗಿಲು ಆಕಾಶದ ಕಡೆ ಇತ್ತು. ಮೊದಲು ನನ್ನನ್ನು ದಬ್ಬಿ ಹತ್ತಿಸಿದರು, ಆಮೇಲೆ ತಾವು ಬಂದರು. ನೆಲಕ್ಕಿಳಿದು ಮೂರು ಹೆಜ್ಜೆ ಇಟ್ಟು, ಕುಸಿದು, ಗಾಬರಿಗೆ ವಾಂತಿ ಮಾಡಿಕೊಂಡರು. ಎದ್ದರು, ತೂರಾಡಿ ಮತ್ತೆ ಬಿದ್ದರು. ನಾನು ಕಂಬದ ಹಾಗೆ ನಿಂತಿದ್ದೆ. ಗದ್ದೆಯಿಂದ ಜನ ಓಡಿ ಬಂದರು. ಕೆಲವರು ಹಗ್ಗ ತಂದರು, ಕೆಲವರು ಫೋನು ತೆಗೆದರು.

ವ್ಯಾನನ್ನು ಹಿಡಿದದ್ದು ಒಂದು ಕಲ್ಲು. ಸಿಮೆಂಟಿನ ಕಟ್ಟೆಯ ಮೇಲೆ ನಿಲ್ಲಿಸಿದ ಕರಿಕಲ್ಲು. ‘ನಾಲೆಗೆ ತಡೆಗೋಡೆ ನಿರ್ಮಾಣ ಕಾಮಗಾರಿಯ ಶಂಕುಸ್ಥಾಪನೆ’ ಎಂದು ಕೆತ್ತಿ, ಕೆಳಗೆ ಗಣ್ಯರ ಹೆಸರುಗಳನ್ನು ಸಾಲಾಗಿ ಕೆತ್ತಿದ್ದರು. ಗೋಡೆ ಮಾತ್ರ ಇರಲಿಲ್ಲ. ಆ ಏರಿಯ ಉದ್ದಕ್ಕೂ ಒಂದು ಇಟ್ಟಿಗೆಯೂ ಇರಲಿಲ್ಲ.

ಆವತ್ತು ಸಂಜೆ ನಾಗಮಂಗಲದಿಂದ ಅಮ್ಮ ಫೋನ್ ಮಾಡಿದಳು. ನಾನಿನ್ನೂ ಅವಳಿಗೆ ಏನೂ ಹೇಳಿರಲಿಲ್ಲ.

“ಕುಡ್ದವನ ಗಾಡೀಲಿ ಯಾಕವ್ವ ಕೂತ್ಕಂಡೆ?”

ಹೀಗೆ ನನಗೆ ಗೊತ್ತಾಯಿತು. ಫೋನಿನಲ್ಲೇ ಸುದ್ದಿ ಹಾಕುವ ಒಂದು ಸ್ಥಳೀಯ ಚಾನೆಲ್ಲು ಮಾಮು ತೂರಾಡಿದ್ದನ್ನು ಮಾತ್ರ ಕತ್ತರಿಸಿ, ‘ಶಾಲಾ ವಾಹನದ ಚಾಲಕ ಮತ್ತಿನಲ್ಲಿ’ ಎಂದು ಕೆಂಪಕ್ಷರದಲ್ಲಿ ಬರೆದು ಬಿಟ್ಟಿತ್ತು. ಅದರ ಕೊನೆಗೆ ಕಲ್ಲಿನ ಚಿತ್ರ ಇತ್ತು: ‘ಜೀವ ಉಳಿಸಿತು ನಾಯಕರ ಕಲ್ಲು’. ಎರಡು ದಿನಕ್ಕೆ ಬೆಂಬಲಿಗರು ಬಂದು ಕಲ್ಲಿಗೆ ಹಾರ ಹಾಕಿ ತೆಂಗಿನಕಾಯಿ ಒಡೆದರು. ಗೋಡೆ ಕಟ್ಟಲಿಲ್ಲ ಎಂದು ಕೇಳಬೇಕಾದವರು ಕಲ್ಲು ನೆಟ್ಟದ್ದಕ್ಕೆ ಕೈ ಮುಗಿದರು.

ಚಾನೆಲ್ಲಿನವನಿಗೆ ಫೋನ್ ಮಾಡಿದೆ. ಆವತ್ತೇ ಆಸ್ಪತ್ರೆಯಲ್ಲಿ ಮಾಡಿಸಿದ ರಕ್ತ ಪರೀಕ್ಷೆಯ ಚೀಟಿ ಇದೆ, ಆತ ಕುಡಿದಿರಲಿಲ್ಲ ಎಂದೆ.

“ಇರ್ಬೋದು ಮೇಡಂ. ನಾವು ಕುಡ್ದಿದ್ದ ಅಂತ ಎಲ್ಲಿ ಹೇಳಿದ್ದೀವಿ? ಮತ್ತಿನಲ್ಲಿ ಅಂದ್ರೆ ನಿದ್ದೆ ಮತ್ತೂ ಆಗ್ಬೋದು. ಈಗ ಚೆನ್ನಾಗಿ ಓಡ್ತಾ ಐತೆ, ತೆಗೆದ್ರೆ ರೀಚ್ ಬಿದ್ದೋಯ್ತದೆ.”

ಅವನ ಮೇಲೆ ಕೂಗಾಡಿ ಫೋನ್ ಇಟ್ಟ ಮೇಲೆ ಒಂದು ವಿಷಯ ನೆನಪಾಯಿತು. ಬೇಸಿಗೆಯಲ್ಲಿ ಸಿಂಧಘಟ್ಟಕ್ಕೆ ಮದುವೆಗೆಂದು ಅದೇ ಏರಿಯ ಮೇಲೆ ಸ್ಕೂಟರಿನಲ್ಲಿ ಹೋಗಿದ್ದೆ. ಊಟದ ಎಲೆಯ ಮುಂದೆ ಕೂತಿದ್ದಾಗ ಫೋನಿನ ನಕ್ಷೆ ಕೇಳಿತ್ತು: ಈ ರಸ್ತೆಯಲ್ಲಿ ಕಾರು ಹೋಗಬಹುದೇ? ‘ಹೌದು’ ಒತ್ತಿದ್ದೆ. ಪಾಯಸ ಬರುವಷ್ಟರಲ್ಲಿ ನನಗೊಂದು ನಕ್ಷತ್ರ ಬಂದಿತ್ತು, ಧನ್ಯವಾದದ ಜೊತೆ.

ಆ ದಾರಿ ತೆಗೆಯಿರಿ ಎಂದು ನಕ್ಷೆಯ ಕಂಪನಿಗೆ ಮೂರು ಸಲ ಬರೆದೆ. ಫೋಟೋ ಕಳಿಸಿದೆ. ಮೂರು ಸಲವೂ ಒಂದೇ ಉತ್ತರ: ನಿಮ್ಮ ಸಲಹೆಯನ್ನು ಪರಿಶೀಲಿಸಿದ್ದೇವೆ, ಸದ್ಯಕ್ಕೆ ಅನ್ವಯಿಸಲಾಗುವುದಿಲ್ಲ. ನನ್ನ ‘ಹೌದು’ಗೆ ಯಾವ ಪುರಾವೆಯೂ ಬೇಕಿರಲಿಲ್ಲ. ‘ಇಲ್ಲ’ಕ್ಕೆ ಬೇಕಂತೆ. ಹೋಗಿ ತಟ್ಟೋಣ ಅಂದರೆ ಅವರಿಗೆ ಬಾಗಿಲಿಲ್ಲ.

ಇಷ್ಟರಲ್ಲಿ ಶಾಲೆಯವರು ಮಾಮುವಿಗೆ ‘ಸ್ವಲ್ಪ ದಿನ ಮನೇಲಿರಿ’ ಎಂದಿದ್ದರು. ಅವರು ಮತ್ತೆ ವ್ಯಾನು ಓಡಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಶನಿವಾರ ಪೋಷಕರ ಸಭೆ ಇಟ್ಟರು. ಹಿಂದಿನ ದಿನ ನಾನು ಅವರ ಮನೆಗೆ ಹೋದೆ. ಮದುವೆ ಊಟದ ಆ ‘ಹೌದು’ ಅವರಿಗೆ ಹೇಳಿದೆ. ಬೈಯಲಿಲ್ಲ.

“ಬುಡಿ ಮೇಡಂ. ಸ್ಟೇರಿಂಗು ನನ್ ಕೈಲಿತ್ತು,” ಎಂದರು. “ನನ್ ಮಗಳು ಕೇಳ್ತಾಳೆ. ‘ಅಬ್ಬಾ, ಸಚ್ ಬೋಲೋ, ನಿಜ ಹೇಳಿ, ಕುಡ್ದಿದ್ರಾ’ ಅಂತ.”

ಸಭೆಯಲ್ಲಿ ಪರೀಕ್ಷೆಯ ಚೀಟಿಯನ್ನು ಎಲ್ಲರ ಕೈಗೂ ಕೊಟ್ಟೆ. ಮಾಮು ಬೇಡವೆಂದದ್ದು, ನಾನು ತಿರುಗಿಸಿ ಎಂದದ್ದು, ಅದಕ್ಕೂ ಮೊದಲು ಆ ‘ಹೌದು’ ಒತ್ತಿದ್ದು, ಎಲ್ಲ ಹೇಳಿದೆ. ಹೆಡ್‌ಮಾಸ್ಟರು ಮೇಜಿನ ಕೆಳಗೆ ನನ್ನ ಸೆರಗು ಎಳೆಯುವುದೊಂದು ಬಾಕಿ.

ಒಬ್ಬ ತಂದೆ ಎದ್ದರು. “ನಿಮ್ಮಾತು ಸರಿ ಮೇಡಂ. ಆದ್ರೆ ಜನ ಏನಂದಾರು?”

“ಯಾವ ಜನ? ನಮ್ಮ ಗ್ರೂಪಿಗೆ ವಿಡಿಯೋ ಹಾಕಿದ್ದು ನೀವೇ ಅಲ್ವಾ?”

“ನಾನೇನ್ ಮಾಡಿದ್ನಾ ಅದನ್ನ? ಬಂದಿದ್ದ ಕಳಿಸ್ದೆ, ಅಷ್ಟೇಯ.”

“ಎಲ್ಲರೂ ಅಷ್ಟೇ ಮಾಡಿದ್ದು,” ಎಂದೆ. “ಕಲ್ಲು ನೆಟ್ಟೋರು ಕಲ್ಲಷ್ಟೇ ನೆಟ್ರು. ಚಾನೆಲ್ಲೋನು ಬಂದಿದ್ದನ್ನ ಹಾಕಿದ. ಕಂಪನಿ ನಾನು ಹೇಳಿದ್ದನ್ನ ತೋರಿಸ್ತು. ತಪ್ಪು ಮಾಡಿದೆ ಅಂತ ಹೇಳ್ತಾ ಇರೋಳು ನಾನೊಬ್ಬಳು. ಯಾರನ್ನಾದರೂ ತೆಗೀಬೇಕು ಅಂದ್ರೆ ನನ್ನನ್ನ ತೆಗೀರಿ.”

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು, ಡೇರಿಗೆ ಹಾಲು ಹಾಕಿ ನೇರ ಬಂದವಳು, ಕ್ಯಾನು ಇನ್ನೂ ಪಕ್ಕದಲ್ಲೇ ಇತ್ತು, ಕೂತಲ್ಲಿಂದಲೇ ಹೇಳಿದಳು: “ನನ್ ಮಗ ಗೇಟೊಳಕ್ಕೆ ಹೋಗಗಂಟ ಆವಯ್ಯ ಗಾಡಿ ಎತ್ತಕಿಲ್ಲ. ನಾನಂತೂ ಕಳಿಸ್ತೀನಿ.”

ಶಾಲೆಯವರು ಅದರಲ್ಲೂ ಜಾಣತನ ಮಾಡಿದರು. ಮಾಮು ವ್ಯಾನು ಓಡಿಸಲಿ, ಬೇಕಾದವರು ಕಳಿಸಬಹುದು, ಶಾಲೆ ಜವಾಬ್ದಾರಿಯಲ್ಲ ಎಂದರು.

ಭಾನುವಾರ ಬಣ್ಣದ ಡಬ್ಬಿ ತೆಗೆದುಕೊಂಡು ಏರಿಗೆ ಹೋದೆ. ಕುಸಿದ ಜಾಗಕ್ಕೆ ಒಂದು ಹಿಡಿ ಮಣ್ಣೂ ಬಿದ್ದಿರಲಿಲ್ಲ. ಕೆಟ್ಟು ನಿಂತ ಲಾರಿಯ ಮುಂದೆ ಇಡುವ ಹಾಗೆ ಹೊಂಗೆ ಸೊಪ್ಪು ಮುರಿದು ರಸ್ತೆಗೆ ಅಡ್ಡ ಹಾಕಿದೆ, ಮೇಲೆ ಕಲ್ಲು ಹೇರಿದೆ. ಬಾಡಿದ ಹಾರ ಕಿತ್ತು ಬಿಸಾಕಿ, ಕಲ್ಲಿನ ಖಾಲಿ ಬೆನ್ನಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ‘ಗೋಡೆ ಕಟ್ಟಿಲ್ಲ. ಮುಂದೆ ದಾರಿ ಇಲ್ಲ.’ ಕೆಳಗೆ ಸಹಿ ಮಾಡಿದೆ.

ಬೈಕೊಂದು ನಿಂತಿತು. ಸವಾರನ ಹೆಗಲ ಮೇಲೆ ಪಕ್ಷದ ಶಾಲು.

“ಸರ್ಕಾರದ ಕಲ್ಲಮ್ಮ ಅದು. ಕೇಸಾಯ್ತದೆ.”

“ಗೋಡೆ ಎಲ್ಲಿ ಅಣ್ಣ?”

“ಬತ್ತದೆ ಬುಡಿ. ಕಲ್ಲು ಬಂದೈತಲ್ಲ. ಅದಿಲ್ದೆ ಓಗಿದ್ರೆ ನೀವಿವತ್ತು ಇಲ್ಲಿ ನಿಂತ್ಕಂಡು ಬಣ್ಣ ಬಳೀತಿದ್ರಾ?”

ಬಣ್ಣದ ಡಬ್ಬಿಯ ಮುಚ್ಚಳ ಹಾಕಿದೆ. “ಕೇಸ್ ಹಾಕಿ,” ಎಂದೆ. “ಬರೆದೋರು ಯಾರು ಅಂತ ಹುಡುಕೋ ಕಷ್ಟ ಇಲ್ಲ. ಸಹಿ ಇದೆ.”

ಸೋಮವಾರ ಬೆಳಿಗ್ಗೆ ರಿಪೇರಿಯಾದ ವ್ಯಾನು ನಮ್ಮ ಮನೆ ಮುಂದೆ ನಿಂತಾಗ ಇಪ್ಪತ್ತೆರಡು ಮಕ್ಕಳಿರಬೇಕಾದಲ್ಲಿ ಏಳು ಮಕ್ಕಳಿದ್ದರು. ಡೇರಿಯ ಹೆಣ್ಣುಮಗಳ ಹುಡುಗ ಎರಡು ಸೀಟು ಹಿಡಿದು ಮಲಗಿದ್ದ. ನಾನು ಅದೇ ಮುಂದಿನ ಸೀಟಿಗೆ ಹತ್ತಿದೆ. ವಿಡಿಯೋ ಇನ್ನೂ ಹಾಗೇ ಇದೆ. ನೀಲಿ ಗೆರೆಯೂ ಇದೆ.

“ಫೋನ್ ಕೇಳ್ರಿ ಮೇಡಂ, ಸ್ಕೂಲ್ ಎಲ್ಲೈತೆ ಅಂತ,” ಎಂದರು ಮಾಮು. ಮಕ್ಕಳು ನಕ್ಕವು.

ಶಾಲೆಗೆ ಮೊದಲು ನಾಲೆಯ ಸೇತುವೆ ಬರುತ್ತದೆ. ಮಾಮು ಗೇರು ಇಳಿಸಿದರು. ಅವರ ಭುಜದ ಆಚೆ ಕಿಟಕಿಯಲ್ಲಿ ನೀರು ಕಂಡಿತು, ನನ್ನ ಕೈ ತಾನಾಗಿ ಬಾಗಿಲಿನ ಹಿಡಿಗೆ ಹೋಯಿತು.

“ಆ ಕಡೆ ನೋಡ್ಬೇಡಿ ಮೇಡಂ,” ಎಂದರು.

ಸೇತುವೆ ಮುಗಿಯುವವರೆಗೂ ನೋಡಿದೆ.