ಎಲ್ಲರೂ ಒಮ್ಮೆಗೇ ಏಳುವುದು

ಧನಕವಡಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಏಳು ವರ್ಷ ಸಹಾಯಕನಾಗಿದ್ದೆ. ಮೌಸ್‌ಗಳೊಳಗಿನ ಗುಂಡು ತೆಗೆದು ಒರೆಸಿ ಒರೆಸಿ ಸಾಕೋ ಸಾಕಾಗಿತ್ತು. ಬ್ರೌಸರ್‌ನಲ್ಲಿ ಓಡುವಂಥದ್ದೇನಾದರೂ ಸ್ವಂತ ಮಾಡಿ ತೋರಿಸಿದರೆ ಪಾಠ ಹೇಳುವ ಕೆಲಸ ಕೊಡುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು. ನಾನು ಹಟಕ್ಕೆ ಬಿದ್ದು ಆರಿಸಿಕೊಂಡದ್ದು ಜೀವಕೋಶಗಳ ಆಟ. ತೆರೆಯ ತುಂಬ ಚೌಕಗಳು. ಪ್ರತಿ ಚೌಕವೂ ಸುತ್ತಲಿನ ಎಂಟು ಮನೆಗಳಲ್ಲಿ ಎಷ್ಟಕ್ಕೆ ಜೀವ ಇದೆ ಎಂದು ಎಣಿಸಿ, ತಾನು ಬದುಕಬೇಕೋ ಸಾಯಬೇಕೋ ತೀರ್ಮಾನಿಸಬೇಕು. ಸಾಲಾಗಿ ಮೂರಿಟ್ಟರೆ ಅವು ಒಮ್ಮೆ ಅಡ್ಡ, ಒಮ್ಮೆ ಉದ್ದ ಆಗುತ್ತಲೇ ಇರಬೇಕು. ನನ್ನವು ಎರಡೇ ಹೆಜ್ಜೆಗೆ ಚೆಲ್ಲಾಪಿಲ್ಲಿಯಾಗುತ್ತಿದ್ದವು.

ಒಂದು ತಿಂಗಳು ಹೀಗೇ. ತಲೆ ಕೆಟ್ಟು ಕೆರ ಹಿಡಿದುಹೋಯಿತು. ಕಡೆಗೊಂದು ಭಾನುವಾರ ಬಿಬವೇವಾಡಿಯ ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು, ಕಡಲೆಕಾಳಿಟ್ಟು, ಒಂದೊಂದನ್ನೇ ಎಣಿಸಿ ಸತ್ತದ್ದನ್ನು ಎತ್ತತೊಡಗಿದೆ. ಮೆಂತ್ಯೆಸೊಪ್ಪು ಬಿಡಿಸುತ್ತಿದ್ದ ಹೆಂಡತಿ ನೋಡುತ್ತಿದ್ದಳು.

"ಅದನ್ನ ಈಗ್ಯಾಕ ಎತ್ತಿದ್ರಿ?"

"ಅದರ ಪಾಳಿ ಮುಗೀತಲ್ಲ. ಸತ್ತಿತು."

"ಅಯ್ಯ, ಬಾಜೂದವಂದು ಇನ್ನೂ ಎಣಿಸೇ ಇಲ್ಲ! ಪಂಕ್ತಿಯೊಳಗ ತನ್ನ ಊಟ ಮುಗೀತಂತ ಒಬ್ಬಾಂವ ನಡುವ ಏಳ್ತಾನೇನ್ರಿ? ಎಲ್ಲಾರ್ದೂ ಆದಮ್ಯಾಲ ಒಮ್ಮೆಗೇ ಏಳೂದು."

ಕಪಾಳಕ್ಕೆ ಹೊಡೆದಂತಾಯಿತು. ಪ್ರೋಗ್ರಾಮಿನಲ್ಲೂ ನಾನು ಮಾಡುತ್ತಿದ್ದುದು ಅದೇ ದಡ್ಡತನ. ಎಣಿಸುತ್ತಿರುವ ಹಲಗೆಯ ಮೇಲೇ ಅಳಿಸುತ್ತಿದ್ದೆ. ಹೊಸ ಸ್ಥಿತಿಯನ್ನು ಬೇರೊಂದು ಹಲಗೆಯಲ್ಲಿ ಬರೆದಿಟ್ಟುಕೊಂಡು, ಎಣಿಕೆ ಪೂರ್ತಿಯಾದ ಮೇಲೆ ಒಟ್ಟಿಗೇ ಬದಲಿಸಿದೆ. ಮೂರೂ ಚೌಕ ಅಡ್ಡ, ಉದ್ದ, ಅಡ್ಡ, ಉದ್ದ. ಖುಷಿಯಿಂದ ಕುಣಿಯಬೇಕಿತ್ತು. ಅಷ್ಟು ತ್ರಾಣ ಉಳಿದಿರಲಿಲ್ಲ.

ಸೋಮವಾರ ಪ್ರಿನ್ಸಿಪಾಲರು ಆಟವನ್ನೂ ಪ್ರೋಗ್ರಾಮನ್ನೂ ಬಹಳ ಹೊತ್ತು ನೋಡಿದರು. ಈ ಎರಡು ಹಲಗೆಯ ಉಪಾಯ ಯಾರು ಹೇಳಿಕೊಟ್ಟರು ಎಂದು ಮರಾಠಿಯಲ್ಲಿ ಕೇಳಿದರು.

"ಮೀಚ್ ಶೋಧಲಂ," ಅಂದುಬಿಟ್ಟೆ. ನಾನೇ ಕಂಡುಹಿಡಿದೆ ಅಂತ.

ಕೆಲಸ ಸಿಕ್ಕಿತು. ಸಂಜೆ ಅವಳು ಬಾಗಿಲಲ್ಲೇ ನಿಂತಿದ್ದಳು.

"ನಾ ಹೇಳಿದ್ದು ಅಂತ ಹೇಳಿದ್ರಿಲ್ಲೋ? ಏನಂದ್ರು ಸಾಹೇಬ್ರು?"

"ನಿಮ್ಮ ಮನಿಯವ್ರು ಭಾಳ ಶಾಣ್ಯಾ ಅದಾರ ಅಂದ್ರು."

ಎಂಥ ನಾಚಿಕೆಗೇಡಿ ನಾನು. ಆರನೇ ಇಯತ್ತೆಗೆ ಶಾಲೆ ಬಿಡಿಸಿಕೊಂಡವಳು ಅವಳು. ಇಂದಿಗೂ ಮನೆಗೆ ಯಾರೇ ಬರಲಿ, ಕಾಲೇಜಿನ ಸಾಹೇಬರು ತನ್ನನ್ನು ಹೊಗಳಿದ ಕತೆ ಹೇಳುತ್ತ ಚಹಾ ಕೊಡುತ್ತಾಳೆ. "ಹೌದಲ್ರಿ?" ಎಂದು ನನ್ನ ಕಡೆ ತಿರುಗುತ್ತಾಳೆ. ನಾನು ಹೌದು ಅನ್ನುತ್ತೇನೆ.